ಕರುಳಿನ ಕ್ಯಾನ್ಸರ್ ಆಪರೇಷನ್ ಆಯ್ತು, ರಕ್ತದ ರಿಪೋರ್ಟ್ ಬಂತು: ಆ ಅಂಕಿಗಳು ಎಷ್ಟು ಹೇಳುತ್ತವೆ?

ಈಗ ಮೈಸೂರಿನಲ್ಲಿ ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ರಿಪೋರ್ಟ್ ವಾಟ್ಸ್‌ಆ್ಯಪ್‌ಗೆ ಬಂದುಬಿಡುತ್ತದೆ. ಡಾಕ್ಟರ್ ಕಣ್ಣಿಗೆ ಬೀಳುವ ಮುಂಚೆ ಮನೆಮಂದಿಯೆಲ್ಲ ಅದನ್ನು ನೋಡಿ ಆಗಿರುತ್ತದೆ. ಕೋವಿಡ್ ಕಾಲದಲ್ಲಿ ಸಿಆರ್‌ಪಿ ಅನ್ನುವ ಹೆಸರು, ಸೋಂಕು, ಗಾಯ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್ ಅದು, ಹಳ್ಳಿ ಹಳ್ಳಿಗೂ ಗೊತ್ತಾಯಿತು. ಅದರ ಹಿಂದೆಯೇ ಇನ್ನೊಂದು ಬಂದಿದೆ, ಎನ್‌ಎಲ್‌ಆರ್, ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ. ಕೆಲವು ಲ್ಯಾಬ್‌ಗಳು ಕೇಳದಿದ್ದರೂ ಅಚ್ಚು ಹಾಕಿ ಕೊಡುತ್ತವೆ. ಕರುಳಿನ ಕ್ಯಾನ್ಸರ್ ಆಪರೇಷನ್ ಆದವರ ಮನೆಯಲ್ಲಿ ಯಾರಾದರೂ ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡಿದರೆ ಮುಗಿಯಿತು. ಈ ಅಂಕಿ ಜಾಸ್ತಿ ಇದ್ದವರು ಹೆಚ್ಚು ದಿನ ಬದುಕುವ ಸಾಧ್ಯತೆ ಕಡಿಮೆ ಎನ್ನುವ ಸಂಶೋಧನೆಗಳು ಸಾಲುಸಾಲಾಗಿ ಸಿಗುತ್ತವೆ. ಆ ಸಂಶೋಧನೆಗಳೇನೂ ಸುಳ್ಳಲ್ಲ. ಆದರೆ ಮನೆಯವರು ಕೇಳುವ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ.

ಲೆಕ್ಕಕ್ಕೆ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಕೆ.ಆರ್. ಪೇಟೆ ಕಡೆಯ 58 ವರ್ಷದ ರೈತ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಬಲಭಾಗದ ಗಡ್ಡೆ ಸದ್ದಿಲ್ಲದೆ ಸ್ವಲ್ಪ ಸ್ವಲ್ಪವೇ ರಕ್ತ ಬಸಿಯುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಸುಮ್ನೆ ಸುಸ್ತು ಅಂತ ಶುರುವಾಗುತ್ತದೆ. ಆಪರೇಷನ್ ಆಗಿ ಐದು ವಾರ. ಹೊಟ್ಟೆಯ ಗಾಯ ಒಂದು ಕಡೆ ಇನ್ನೂ ಒಣಗಿಲ್ಲ, ಕೀವು ಬರುತ್ತಿದೆ. ರಿಪೋರ್ಟ್ ಹೀಗಿದೆ: ಬಿಳಿ ರಕ್ತಕಣ 9,000. ಅದರಲ್ಲಿ ನ್ಯೂಟ್ರೋಫಿಲ್ ಶೇ. 74, ಲಿಂಫೋಸೈಟ್ ಶೇ. 18. ಹಿಮೋಗ್ಲೋಬಿನ್ 9.8. ಸಿಆರ್‌ಪಿ 14. ಆಲ್ಬುಮಿನ್ 3.3. ಕೊನೆಯ ಸಾಲು, ಎನ್‌ಎಲ್‌ಆರ್ 4.1.

ಮಗಳು ಫೋನ್ ಹಿಡಿದುಕೊಂಡೇ ಒಳಗೆ ಬರುತ್ತಾಳೆ. "ಸಾರ್, ಈ 4.1 ಅಂದ್ರೆ ಏನು? ಅಪ್ಪಂಗೆ ಮತ್ತೆ ಬರುತ್ತಾ?"

ಡಾಕ್ಟರ್ ಫೋನ್ ನೋಡುವುದೇ ಇಲ್ಲ. "ಬಯಾಪ್ಸಿ ರಿಪೋರ್ಟ್ ತಂದಿದ್ದೀಯೇನಮ್ಮಾ?"

ಒರಟು ಅನಿಸಬಹುದು. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ವರದಿ ಅದು. ಯಾಕೆ ಅಂತ ತಿಳಿಯಬೇಕಾದರೆ ಈ 4.1 ಎಲ್ಲಿಂದ ಬಂತು ಅಂತ ನೋಡಬೇಕು.

ಎನ್‌ಎಲ್‌ಆರ್ ಅಂದರೆ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದ್ದು, ಅಷ್ಟೇ. 74ನ್ನು 18ರಿಂದ ಭಾಗಿಸಿದರೆ 4.1. ಇದಕ್ಕೆ ಬೇರೆ ಮಿಷನ್ ಬೇಡ, ಬೇರೆ ದುಡ್ಡೂ ಬೇಡ. ರಕ್ತಕಣ ಎಣಿಸುವ ಮಾಮೂಲಿ ಪರೀಕ್ಷೆ ಸಿಬಿಸಿಯಲ್ಲೇ ಎಲ್ಲ ಇದೆ. ಸಂಶೋಧಕರಿಗೆ ಇದರ ಮೇಲೆ ಇಷ್ಟು ಪ್ರೀತಿ ಬಂದಿರುವುದಕ್ಕೆ ಅರ್ಧ ಕಾರಣ ಅದೇ ಇರಬೇಕು. ಆಸ್ಪತ್ರೆಯ ಹಳೇ ಕಡತ ತೆಗೆದರೆ ಸಾಕು, ಅಂಕಿಗಳು ಅಲ್ಲೇ ಕೂತಿರುತ್ತವೆ.

ನ್ಯೂಟ್ರೋಫಿಲ್ ನಮ್ಮ ದೇಹದ ಮೊದಲ ಸಾಲಿನ ಕಾವಲು. ಎಲ್ಲೇ ಗಾಯವಾಗಲಿ, ಸೋಂಕು ತಗುಲಲಿ, ಮೊದಲು ಓಡುವುದು ಅವೇ. ಗುರುತು ಹಿಡಿದು, ನೆನಪಿಟ್ಟುಕೊಂಡು ಕೊಲ್ಲುವ ಕೆಲಸ ಲಿಂಫೋಸೈಟ್‌ಗಳದ್ದು. ಕ್ಯಾನ್ಸರ್ ಕಣಗಳನ್ನು ಹಿಡಿಯುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಗಡ್ಡೆ ಇರುವ ಕಡೆ ದೇಹ ಅದನ್ನು ಒಣಗದ ಗಾಯ ಎಂದೇ ನೋಡುತ್ತದೆ. ಅಲ್ಲಿಂದ ಇಂಟರ್‌ಲ್ಯೂಕಿನ್-6 ಎನ್ನುವ ಸಂದೇಶವಾಹಕ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಲಿವರ್‌ಗೆ ತಲುಪಿದರೆ ಲಿವರ್ ಸಿಆರ್‌ಪಿಯನ್ನು ಜಾಸ್ತಿ ಮಾಡಿ, ರಕ್ತದ ಇನ್ನೊಂದು ಪ್ರೋಟೀನ್ ಆದ ಆಲ್ಬುಮಿನ್ ತಯಾರಿಯನ್ನು ಕಡಿಮೆ ಮಾಡುತ್ತದೆ. ಹೀಗೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಈ ಇಡೀ ಸ್ಥಿತಿಗೇ ಉರಿಯೂತ ಅನ್ನುವುದು.

ಇದೇನು ಹೊಸ ವಿಷಯ ಅಲ್ಲ. ಗಡ್ಡೆಯೊಳಗೆ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1863ರಲ್ಲೇ ಬರೆದಿದ್ದರು. ಸಿಆರ್‌ಪಿ ಪತ್ತೆಯಾಗಿದ್ದು 1930ರಲ್ಲಿ, ನ್ಯೂಯಾರ್ಕಿನಲ್ಲಿ. ಅದೂ ಕ್ಯಾನ್ಸರ್ ರೋಗಿಗಳಲ್ಲಿ ಅಲ್ಲ, ನ್ಯುಮೋನಿಯಾ ಬಂದವರ ರಕ್ತದಲ್ಲಿ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದ್ದು ಸುಲಭ. ಸಿಆರ್‌ಪಿ ಕ್ಯಾನ್ಸರಿನ ಗುರುತಾಗಿ ಹುಟ್ಟಿದ್ದೇ ಅಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡೊನಾಲ್ಡ್ ಮೆಕ್‌ಮಿಲನ್ ಮತ್ತು ಜೊತೆಯವರು ಸಿಆರ್‌ಪಿ, ಆಲ್ಬುಮಿನ್ ಎರಡನ್ನೂ ಸೇರಿಸಿ ಒಂದು ಅಂಕ ಪದ್ಧತಿ ಮಾಡಿದರು. ಅದನ್ನು ತಿದ್ದಿದ ರೂಪವೇ ಈಗ ಹೆಚ್ಚು ಬಳಕೆಯಲ್ಲಿದೆ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಒಳಗಿದ್ದರೆ ಸೊನ್ನೆ. 10 ದಾಟಿದರೆ 1. 10 ದಾಟಿ, ಆಲ್ಬುಮಿನ್ ಕೂಡ ಲೀಟರಿಗೆ 35 ಗ್ರಾಂಗಿಂತ ಕೆಳಗಿದ್ದರೆ 2. ಆಪರೇಷನ್‌ಗೆ ಮುಂಚೆ ತೆಗೆದ ರಕ್ತದಲ್ಲಿ 2 ಬಂದವರ ಗುಂಪು ಸೊನ್ನೆ ಬಂದವರಿಗಿಂತ ಕಡಿಮೆ ಕಾಲ ಬದುಕುತ್ತದೆ ಎನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಎನ್‌ಎಲ್‌ಆರ್ ಕಥೆಯೂ ಹೀಗೇ. ಜಾಸ್ತಿ ಇದ್ದವರಲ್ಲಿ ಸಾವಿನ ಅಪಾಯ ಸುಮಾರು ಒಂದೂವರೆಯಿಂದ ಎರಡು ಪಟ್ಟು.

ನಮ್ಮ ಲ್ಯಾಬ್‌ಗಳು ಆಲ್ಬುಮಿನ್ನನ್ನು ಲೀಟರಿಗೆ ಕೊಡುವುದಿಲ್ಲ, ಡೆಸಿಲೀಟರಿಗೆ ಕೊಡುತ್ತವೆ. ಹಾಗಾಗಿ ಅಲ್ಲಿಯ 35 ಇಲ್ಲಿ 3.5. ಸಿಆರ್‌ಪಿ ಬಹುಪಾಲು ಲೀಟರಿಗೇ ಬರುತ್ತದೆ, ಆದರೆ ಕೆಲವು ಕಡೆ ಡೆಸಿಲೀಟರಿಗೂ ಕೊಡುತ್ತಾರೆ. ಮಂಡ್ಯದ ಒಂದು ಲ್ಯಾಬಿನಲ್ಲಿ 1.4, ಮೈಸೂರಿನ ಇನ್ನೊಂದರಲ್ಲಿ 14 ಅಂತ ಬಂದರೆ ಎರಡೂ ಒಂದೇ ಇರಬಹುದು. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಅಳತೆ ನೋಡದೆ ಹತ್ತು ಪಟ್ಟು ಏರಿತು ಅಂತ ಗಾಬರಿ ಬೀಳಬೇಡಿ.

ಈಗ ಎರಡು ಪಟ್ಟು ಅನ್ನುವುದನ್ನು ಬಿಡಿಸೋಣ. ಎನ್‌ಎಲ್‌ಆರ್ ಕಡಿಮೆ ಇರುವ 100 ಜನರಲ್ಲಿ ಐದು ವರ್ಷದೊಳಗೆ 10 ಜನ ತೀರಿಕೊಂಡರು ಅಂತಿಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ಹಾಕಿದ ಅಂಕಿ, ಯಾವ ಅಧ್ಯಯನದ್ದೂ ಅಲ್ಲ. ಜಾಸ್ತಿ ಇರುವ 100 ಜನರಲ್ಲಿ ಅದು 19ರ ಹತ್ತಿರ ಬರಬಹುದು. ಗುಂಪಿನ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸವೇ. ಆದರೆ ಆ ಕೆಟ್ಟ ಗುಂಪಿನಲ್ಲೂ 81 ಜನ ಬದುಕಿದ್ದಾರೆ. ನಿಮ್ಮಪ್ಪ 81ರಲ್ಲೋ 19ರಲ್ಲೋ ಅಂತ ಈ ಭಾಗಾಕಾರಕ್ಕೆ ಗೊತ್ತಿಲ್ಲ.

ಜಾಸ್ತಿ ಅಂದರೆ ಎಷ್ಟು ಅನ್ನುವುದರಲ್ಲೇ ಒಮ್ಮತ ಇಲ್ಲ. ಒಂದು ಅಧ್ಯಯನ 5ಕ್ಕೆ ಗೆರೆ ಎಳೆದರೆ ಇನ್ನೊಂದು 3ಕ್ಕೆ, ಮತ್ತೊಂದು 2ರ ಆಸುಪಾಸಿಗೆ. ಬಹಳ ಕಡೆ ಆಗುವುದೇನೆಂದರೆ, ಮೊದಲು ರೋಗಿಗಳ ಅಂಕಿ ಹಾಕಿಕೊಂಡು, ಎಲ್ಲಿ ಗೆರೆ ಎಳೆದರೆ ಬದುಕಿದವರು, ಸತ್ತವರು ಚೆನ್ನಾಗಿ ಬೇರೆಯಾಗುತ್ತಾರೋ ಅಲ್ಲೇ ಗೆರೆ ಎಳೆಯುತ್ತಾರೆ. ಹಾಗೆ ಎಳೆದ ಗೆರೆ ಆ ಆಸ್ಪತ್ರೆಯ ರೋಗಿಗಳಿಗೆ ಚೆನ್ನಾಗಿಯೇ ಹೊಂದುತ್ತದೆ, ಬೇರೆ ಊರಿಗೆ ಹೋದರೆ ಸಡಿಲವಾಗುತ್ತದೆ. ಜೊತೆಗೆ, ವ್ಯತ್ಯಾಸ ಸಿಕ್ಕಿದ ಅಧ್ಯಯನಗಳು ಪ್ರಕಟವಾಗುತ್ತವೆ, ಸಿಗದವು ಬೀರುವಿನಲ್ಲಿ ಉಳಿಯುತ್ತವೆ. ಪ್ಲೇಟ್‌ಲೆಟ್ ಸೇರಿಸಿದರೆ ಇನ್ನೊಂದು ಸೂಚ್ಯಂಕ, ಮೋನೋಸೈಟ್ ಸೇರಿಸಿದರೆ ಮತ್ತೊಂದು. ಸಿಬಿಸಿಯ ಸಾಲುಗಳನ್ನು ಹೀಗೆ ಕೂಡಿಸಿ ಕಳೆದು ಭಾಗಿಸಿ ಎಷ್ಟು ಹೆಸರು ಬೇಕಾದರೂ ಹುಟ್ಟಿಸಬಹುದು. ನನ್ನ ಮಟ್ಟಿಗೆ, ಈ ಹೊಸ ಹೆಸರುಗಳಲ್ಲಿ ಮುಕ್ಕಾಲು ಪಾಲು ಪ್ರಬಂಧ ಬರೆಯುವವರಿಗೆ ಬೇಕಾದವು, ರೋಗಿಗೆ ಬೇಕಾದವಲ್ಲ.

ಮಂಡ್ಯದ ಕಡೆಯವರಿಗೆ ಹೀಗೆ ಹೇಳಬಹುದು: ಆಲೆಮನೆಯ ಮೇಲೆ ಹೊಗೆ ಕಂಡರೆ ಒಲೆ ಉರಿಯುತ್ತಿದೆ ಅಂತ ಗೊತ್ತಾಗುತ್ತದೆ, ಕೊಪ್ಪರಿಗೆಯಲ್ಲಿರುವ ಪಾಕ ಯಾವ ಹದದಲ್ಲಿದೆ ಅಂತ ಗೊತ್ತಾಗುವುದಿಲ್ಲ. ರಕ್ತದ ಈ ಅಂಕಿಗಳು ತೋರಿಸುವುದು ಹೊಗೆಯನ್ನು.

ಆ ಹೊಗೆಗೆ ಕಾರಣ ನೂರು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹಲ್ಲಿನ ಬೇರಿನ ಕೀವು, ಟಿಬಿ, ಮೂತ್ರದ ಸೋಂಕು, ಬೀಡಿ ಸೇದುವ ಅಭ್ಯಾಸ. ಕೀಮೋ ತೆಗೆದುಕೊಳ್ಳುವವರಿಗೆ ವಾಂತಿ ಆಗದಿರಲಿ ಅಂತ ಡೆಕ್ಸಾಮೆಥಾಸೋನ್ ಕೊಡುತ್ತಾರಲ್ಲ, ಅದೊಂದು ಸ್ಟೀರಾಯ್ಡ್. ಅದು ನ್ಯೂಟ್ರೋಫಿಲ್ ಸಂಖ್ಯೆಯನ್ನು ಏರಿಸುತ್ತದೆ, ಲಿಂಫೋಸೈಟನ್ನು ಇಳಿಸುತ್ತದೆ. ಮಾರನೇ ದಿನ ಸಿಬಿಸಿ ಮಾಡಿಸಿದರೆ ಎನ್‌ಎಲ್‌ಆರ್ ಭಯ ಹುಟ್ಟಿಸುವಷ್ಟು ಇರಬಹುದು. ಬಿಳಿ ರಕ್ತಕಣ ಏರಿಸಲು ಕೊಡುವ ಇಂಜೆಕ್ಷನ್ ಆದ ಮೇಲಂತೂ ಕೇಳುವುದೇ ಬೇಡ. ಗುದನಾಳದ ಕ್ಯಾನ್ಸರ್‌ಗೆ ಮೊದಲೇ ರೇಡಿಯೇಷನ್ ಕೊಟ್ಟಿದ್ದರೆ ಲಿಂಫೋಸೈಟ್ ತಿಂಗಳುಗಟ್ಟಲೆ ಕಡಿಮೆ ಇರುತ್ತದೆ. ಮಳೆಗಾಲದ ಡೆಂಗಿ ಇದಕ್ಕೆ ಉಲ್ಟಾ ಮಾಡಬಹುದು, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡನ್ನೂ ಬೀಳಿಸುತ್ತದೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಪ್ಲೇಟ್‌ಲೆಟ್ ತಾನಾಗೇ ಏರುವುದುಂಟು. ನಮ್ಮ ಹಳ್ಳಿಗಳಲ್ಲಿ ರಕ್ತಹೀನತೆ ಎಷ್ಟಿದೆ ಅಂತ ಗೊತ್ತಲ್ವಾ? ಗ್ಲಾಸ್ಗೋದಲ್ಲಿ ಎಳೆದ ಗೆರೆಯನ್ನು ನಾಗಮಂಗಲದವರ ರಕ್ತಕ್ಕೆ ಹಾಗೇ ಹಚ್ಚುವ ಮುಂಚೆ ಇದನ್ನೆಲ್ಲ ನೋಡಬೇಕು.

ಇನ್ನೂ ಒಂದು ಮಾತು. ಮುನ್ಸೂಚನೆಯ ಅಧ್ಯಯನಗಳಲ್ಲಿ ಬಹುಪಾಲು ಆಪರೇಷನ್‌ಗೆ ಮುಂಚಿನ ರಕ್ತ ನೋಡಿ ಮಾಡಿದವು. ನಮ್ಮ ರೈತರ ಅಂಕಿ ಆಪರೇಷನ್ ಆದ ಮೇಲಿನದ್ದು, ಅದೂ ಗಾಯದಲ್ಲಿ ಕೀವು ಇರುವಾಗ. ಸಿಆರ್‌ಪಿ 14, ಆಲ್ಬುಮಿನ್ 3.3 ಅಂದರೆ ಗ್ಲಾಸ್ಗೋ ಲೆಕ್ಕದಲ್ಲಿ ಅಂಕ 2, ಎಲ್ಲಕ್ಕಿಂತ ಕೆಟ್ಟದ್ದು. ಮೂರು ವಾರ ಡ್ರೆಸಿಂಗ್ ಮಾಡಿಸಿ ಗಾಯ ಒಣಗಿತು, ಊಟ ಸೇರಿತು. ಈಗ ನ್ಯೂಟ್ರೋಫಿಲ್ 62, ಲಿಂಫೋಸೈಟ್ 29, ಭಾಗಿಸಿದರೆ 2.1. ಸಿಆರ್‌ಪಿ 4. ಆಲ್ಬುಮಿನ್ 3.7. ಅಂಕ ಸೊನ್ನೆ. ಕ್ಯಾನ್ಸರಿನ ವಿಷಯದಲ್ಲಿ ಈ ಮೂರು ವಾರದಲ್ಲಿ ಏನೂ ಬದಲಾಗಿಲ್ಲ.

ಹಾಗಂತ ಆಪರೇಷನ್ ಆದ ಮೇಲಿನ ಸಿಆರ್‌ಪಿ ದಂಡ ಅಂತಲ್ಲ. ಅದು ನಿಜವಾಗಿ ಕೆಲಸಕ್ಕೆ ಬರುವ ಒಂದು ಜಾಗ ಇದೆ, ಮೊದಲ ವಾರ. ಮನೆಯವರ ಗಮನ ಅಲ್ಲಿಗೆ ಹೋಗುವುದೇ ಕಡಿಮೆ.

ಗಡ್ಡೆ ಇದ್ದ ಭಾಗ ಕತ್ತರಿಸಿದ ಮೇಲೆ ಕರುಳಿನ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ, ಇಲ್ಲವೇ ಸ್ಟೇಪಲ್ ಹಾಕುತ್ತಾರೆ. ಆ ಜೋಡಣೆ ಬಿಟ್ಟುಕೊಂಡರೆ ಮಲ ಹೊಟ್ಟೆಯೊಳಕ್ಕೆ ಸೋರುತ್ತದೆ. ಸರ್ಜನ್‌ಗಳು ಹೆದರುವುದು ಇದಕ್ಕೇ. ಗುದನಾಳದ ಕೆಳಭಾಗದ ಜೋಡಣೆಗಳಲ್ಲಿ ಇದು 100ಕ್ಕೆ 10ರ ಆಸುಪಾಸಿನಲ್ಲಿ ಆಗುತ್ತದೆ, ಮೇಲಿನ ಕರುಳಿನಲ್ಲಿ ಅದಕ್ಕಿಂತ ಕಡಿಮೆ. ಹೊಟ್ಟೆನೋವು, ಜ್ವರ, ಹೊಟ್ಟೆ ಉಬ್ಬರ ಕಾಣುವ ಹೊತ್ತಿಗೆ ತಡವಾಗಿರಬಹುದು. ಸಿಆರ್‌ಪಿ ಅದಕ್ಕಿಂತ ಮುಂಚೆ ಸುಳಿವು ಕೊಡಬಲ್ಲದು.

ಯಾವ ದೊಡ್ಡ ಆಪರೇಷನ್ ಆದರೂ ಸಿಆರ್‌ಪಿ ಏರುತ್ತದೆ. ಎರಡನೇ, ಮೂರನೇ ದಿನ ತುದಿ ಮುಟ್ಟುತ್ತದೆ. ಲೀಟರಿಗೆ 100, 150 ಮಿಲಿಗ್ರಾಂ ಅನ್ನುವುದು ಆಗ ಮಾಮೂಲು. ಹೊಟ್ಟೆ ಕೊಯ್ದು ಮಾಡಿದರೆ ಜಾಸ್ತಿ, ಲ್ಯಾಪರೋಸ್ಕೋಪಿಯಲ್ಲಿ ಕಡಿಮೆ. ಎಲ್ಲ ಸರಿಯಿದ್ದರೆ ಆಮೇಲೆ ಬೇಗ ಇಳಿಯಬೇಕು, ಯಾಕೆಂದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 19 ಗಂಟೆ ಮಾತ್ರ. ನಾಲ್ಕನೇ ದಿನವೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಒಳಗೆ ಏನೋ ಇದೆ. 2014ರಲ್ಲಿ ಪ್ರಕಟವಾದ ಒಂದು ಒಟ್ಟು ವಿಶ್ಲೇಷಣೆ 7 ಅಧ್ಯಯನಗಳ ಸುಮಾರು 2,500 ರೋಗಿಗಳನ್ನು ನೋಡಿತು. ಮೂರನೇ ದಿನ 172, ನಾಲ್ಕನೇ ದಿನ 124, ಐದನೇ ದಿನ 144, ಇವು ಅಲ್ಲಿ ಸಿಕ್ಕ ಗೆರೆಗಳು. ಗೆರೆಯ ಕೆಳಗಿದ್ದವರಲ್ಲಿ ಸೋರಿಕೆ ಇಲ್ಲ ಅನ್ನುವುದು ಶೇ. 97ರಷ್ಟು ನಿಜವಾಗಿತ್ತು. ಗೆರೆ ದಾಟಿದವರಲ್ಲಿ ನಿಜವಾಗಿ ಸೋರಿಕೆ ಇದ್ದದ್ದು ಐವರಲ್ಲಿ ಒಬ್ಬರಿಗೆ ಅಷ್ಟೇ. ಅಂದರೆ ಈ ಪರೀಕ್ಷೆ ಧೈರ್ಯ ಹೇಳುವುದರಲ್ಲಿ ಗಟ್ಟಿ, ದೂರು ಹೇಳುವುದರಲ್ಲಿ ಅಷ್ಟಕ್ಕಷ್ಟೇ. ಏರಿದೆ ಅಂತ ತಕ್ಷಣ ಹೊಟ್ಟೆ ತೆರೆಯುವುದಿಲ್ಲ, ರೋಗಿಯನ್ನು ಮತ್ತೊಮ್ಮೆ ಕೂಲಂಕಷವಾಗಿ ನೋಡಿ, ಅಗತ್ಯ ಕಂಡರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ನಮ್ಮ ಕಡೆ ಇದು ಯಾಕೆ ಮುಖ್ಯ ಅಂದರೆ, ಡಿಸ್ಚಾರ್ಜ್ ಆಗಿ ಹೋಗುವ ಊರು ದೂರ. ಮೈಸೂರಿನಲ್ಲಿ ಆಪರೇಷನ್, ಮನೆ ಮಳವಳ್ಳಿಯ ಆಚೆ ಒಂದು ಹಳ್ಳಿಯಲ್ಲಿ. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಕಲ್ಲಿನಂತಾದರೆ ಗಾಡಿ ಹುಡುಕಿ, ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಮಂಡ್ಯ, ಅಲ್ಲಿಂದ ಮೈಸೂರು ಅಂತ ಅಲೆಯಬೇಕು. ನಾಲ್ಕನೇ ದಿನ ಕೆಲವು ನೂರು ರೂಪಾಯಿಯ ಒಂದು ಸಿಆರ್‌ಪಿ ಇಳಿಮುಖ ಇದೆ ಅಂತ ನೋಡಿಕೊಂಡು ಮನೆಗೆ ಕಳಿಸುವುದಕ್ಕೂ, ನೋಡದೆ ಕಳಿಸುವುದಕ್ಕೂ ವ್ಯತ್ಯಾಸ ಇದೆ. "ಡಾಕ್ಟ್ರೇ, ಸಿಆರ್‌ಪಿ ಇಳೀತಿದ್ಯಾ?" ಅಂತ ಮನೆಯವರು ಕೇಳಬಹುದಾದ ದಿನ ಯಾವುದಾದರೂ ಇದ್ದರೆ ಅದು ಇದು. ಮುನ್ಸೂಚನೆಗೂ ಇದಕ್ಕೂ ನಂಟಿದೆ. ಸೋರಿಕೆ ಆದವರಲ್ಲಿ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಜಾಸ್ತಿ ಎಂದು ಕಂಡುಬಂದಿದೆ. ಕೀಮೋ ಬೇಕಾದವರಿಗೆ ಅದನ್ನು 6ರಿಂದ 8 ವಾರದೊಳಗೆ ಶುರು ಮಾಡಬೇಕು, ಸೋರಿಕೆ ಆದರೆ ಅದೂ ಮುಂದಕ್ಕೆ ಹೋಗುತ್ತದೆ.

ಈಗ ಬಯಾಪ್ಸಿ ರಿಪೋರ್ಟ್‌ಗೆ ಬರೋಣ. ಮುಂದೇನು ಅನ್ನುವುದನ್ನು ಹೆಚ್ಚು ಹೇಳುವುದು ಅದೇ. ಗಡ್ಡೆ ಕರುಳಿನ ಗೋಡೆಯ ಎಷ್ಟು ಪದರ ದಾಟಿದೆ, ಪಕ್ಕದ ಲಿಂಫ್ ಗ್ರಂಥಿಗಳಿಗೆ ಹೋಗಿದೆಯೇ, ರಕ್ತನಾಳಕ್ಕೆ ಇಳಿದಿದೆಯೇ, ಕತ್ತರಿಸಿದ ಅಂಚು ಸ್ವಚ್ಛವಾಗಿದೆಯೇ. ಅಮೆರಿಕದ ಅಂಕಿಗಳ ಪ್ರಕಾರ ಕ್ಯಾನ್ಸರ್ ಕರುಳಲ್ಲೇ ಇದ್ದರೆ ಐದು ವರ್ಷ ಬದುಕುಳಿಯುವವರು ಶೇ. 90ರ ಆಸುಪಾಸು, ಹತ್ತಿರದ ಗ್ರಂಥಿಗಳಿಗೆ ಹೋಗಿದ್ದರೆ ಶೇ. 70ರ ಮೇಲೆ, ಲಿವರ್, ಶ್ವಾಸಕೋಶದಂಥ ದೂರದ ಅಂಗಕ್ಕೆ ಹೋಗಿದ್ದರೆ ಶೇ. 15ರ ಸುಮಾರು. ಎನ್‌ಎಲ್‌ಆರ್ ತೋರಿಸುವ ವ್ಯತ್ಯಾಸ ಇದರ ಮುಂದೆ ಸಣ್ಣದು. ರಿಪೋರ್ಟ್‌ನಲ್ಲಿ ಎಷ್ಟು ಗ್ರಂಥಿ ಪರೀಕ್ಷೆ ಮಾಡಿದ್ದಾರೆ ಅಂತ ಇರುತ್ತದೆ. ಕನಿಷ್ಠ 12 ಇರಬೇಕು. ಐದೇ ಗ್ರಂಥಿ ನೋಡಿ ಎಲ್ಲೂ ಇಲ್ಲ ಅಂದರೆ, ಹುಡುಕಿದ್ದೇ ಕಡಿಮೆ ಅಂತಲೂ ಇರಬಹುದಲ್ವಾ?

ಇಲ್ಲೊಂದು ವಿಚಿತ್ರ ಇದೆ. ರಕ್ತದಲ್ಲಿ ಉರಿಯೂತ ಜಾಸ್ತಿ ಇದ್ದರೆ ಕೆಟ್ಟದ್ದು ಅಂದೆವು. ಗಡ್ಡೆಯ ಒಳಗೆ ಲಿಂಫೋಸೈಟ್‌ಗಳು ಕಿಕ್ಕಿರಿದು ತುಂಬಿದ್ದರೆ ಅದು ಒಳ್ಳೆಯದು. ಫ್ರಾನ್ಸಿನ ಜೆರೋಮ್ ಗ್ಯಾಲನ್ ಮತ್ತು ಜೊತೆಯವರು 2006ರಲ್ಲಿ ಇದನ್ನು ಕರುಳಿನ ಕ್ಯಾನ್ಸರ್‌ನಲ್ಲಿ ತೋರಿಸಿದರು. ಗಡ್ಡೆಯ ನಡುವೆ ಮತ್ತು ಅಂಚಿನಲ್ಲಿ ಎಷ್ಟು ಲಿಂಫೋಸೈಟ್ ಇವೆ ಅಂತ ಎಣಿಸುವ ಪರೀಕ್ಷೆಯನ್ನೂ ಮುಂದೆ ರೂಪಿಸಿದರು. ಹೀಗೆ ಲಿಂಫೋಸೈಟ್ ತುಂಬಿರುವ ಗಡ್ಡೆಗಳಲ್ಲಿ ಒಂದು ಜಾತಿಗೆ ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನ್‌ಗಳೇ ಕೆಟ್ಟಿರುತ್ತವೆ. ಬಯಾಪ್ಸಿ ತುಣುಕಿನ ಮೇಲೆ ನಾಲ್ಕು ಪ್ರೋಟೀನ್‌ಗಳನ್ನು ನೋಡುವ ಎಂಎಂಆರ್ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಕೆಲವು ಸಾವಿರ ರೂಪಾಯಿ ಆಗುತ್ತದೆ, ಆದರೆ ಆ ದುಡ್ಡಿಗೆ ಅರ್ಥ ಇದೆ.

ನಮ್ಮ ರೈತರ ಬಯಾಪ್ಸಿಯಲ್ಲಿ ಹೀಗಿದೆ ಅಂದುಕೊಳ್ಳಿ: ಗಡ್ಡೆ ಗೋಡೆಯ ಹೊರಪದರದತ್ತ ಹೋಗಿದೆ, 18 ಗ್ರಂಥಿ ನೋಡಿದ್ದಾರೆ, ಒಂದರಲ್ಲೂ ಕ್ಯಾನ್ಸರ್ ಇಲ್ಲ, ಎಂಎಂಆರ್ ಪ್ರೋಟೀನ್ ಕಾಣೆಯಾಗಿದೆ. ಇದು ಎರಡನೇ ಸ್ಟೇಜು, ಅದರಲ್ಲೂ ಮುನ್ಸೂಚನೆ ಚೆನ್ನಾಗಿರುವ ಜಾತಿ. 5-ಎಫ್‌ಯು ಎಂಬ ಔಷಧಿ ಒಂದನ್ನೇ ಕೊಡುವ ಕೀಮೋದಿಂದ ಇಂಥವರಿಗೆ ಲಾಭ ಕಂಡಿಲ್ಲ. ಬಹುಶಃ ಕೀಮೋನೇ ಬೇಡ ಅನ್ನುತ್ತಾರೆ. ಮಗಳ ಫೋನಿನಲ್ಲಿದ್ದ 4.1 ಇವತ್ತಿನ ಯಾವ ಮುಖ್ಯ ಮಾರ್ಗಸೂಚಿಯಲ್ಲೂ ಕೀಮೋ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಂಕಿ ಆಗಿಲ್ಲ.

ಹಾಗಾದರೆ ಉರಿಯೂತ ಇಳಿಸಿದರೆ ಆಯಸ್ಸು ಹೆಚ್ಚುತ್ತದೆಯೇ? ಅರಿಶಿನದ ಮಾತ್ರೆ, ಕಷಾಯ, ಪುಡಿ ಮಾರುವವರು ಹೌದು ಅನ್ನುತ್ತಾರೆ. ಎನ್‌ಎಲ್‌ಆರ್ ಇಳಿಸಿ ಆಯಸ್ಸು ಹೆಚ್ಚಿಸಿದ ಔಷಧಿ ಇನ್ನೂ ಬಂದಿಲ್ಲ. ಉರಿಯೂತದ ನಂಟಿರುವ ಎರಡು ಒಳ್ಳೆ ಪ್ರಯೋಗಗಳು 2025ರಲ್ಲಿ ಪ್ರಕಟವಾದವು. ಒಂದು ಉತ್ತರ ಯುರೋಪಿನದ್ದು. ಗಡ್ಡೆಯಲ್ಲಿ ಪಿಐ3ಕೆ ಎಂಬ ದಾರಿಯ ಜೀನ್ ಬದಲಾವಣೆ ಇದ್ದವರಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಮೂರು ವರ್ಷ ಕೊಟ್ಟರು. ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಇದು ಆ ಬದಲಾವಣೆ ಇದ್ದವರ ಮಾತು. ಪರೀಕ್ಷೆ ಮಾಡಿಸದೆ ಮೆಡಿಕಲ್ ಶಾಪಿನಿಂದ ತಂದು ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಮಾತ್ರ ಖಾತ್ರಿ. ಇನ್ನೊಂದು ಪ್ರಯೋಗ ವ್ಯಾಯಾಮದ್ದು. ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವರ್ಷ ತರಬೇತುದಾರರ ಜೊತೆ ವ್ಯಾಯಾಮ, ಉಳಿದವರಿಗೆ ಬರೀ ಪುಸ್ತಿಕೆ. ಐದು ವರ್ಷಕ್ಕೆ ಕ್ಯಾನ್ಸರ್ ಮರಳದೆ ಬದುಕಿದ್ದವರು ಶೇ. 80.3, ಪುಸ್ತಿಕೆ ಗುಂಪಿನಲ್ಲಿ ಶೇ. 73.9. ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಹಳ್ಳಿಯವರಿಗೆ ನಾಲೆ ಏರಿ. ಗದ್ದೆ ಕೆಲಸ ಮಾಡುವ ನನಗೆ ವಾಕಿಂಗ್ ಯಾಕೆ ಅನ್ನುವವರು ಉಂಟು. ಆದರೆ ಆಪರೇಷನ್ ಆದ ಮೇಲೆ ಮನೆಯವರು ಅವರನ್ನು ಗದ್ದೆಗೆ ಬಿಡುವುದೇ ಇಲ್ಲ, ಮಂಚ ಬಿಟ್ಟು ಏಳಬೇಡಿ ಅನ್ನುತ್ತಾರೆ.

ಆಲ್ಬುಮಿನ್, ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಅದಕ್ಕೆ ಮಾಡುವುದು ಇದೆ, ಮುಖ್ಯವಾಗಿ ಆಪರೇಷನ್‌ಗೆ ಮುಂಚೆ. ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡುತ್ತಾರೆ. ಊಟದಲ್ಲಿ ಮೊಟ್ಟೆ, ಬೇಳೆ, ಹುರುಳಿ, ಮೊಸರು, ತಿನ್ನುವವರಿಗೆ ಮೀನು, ಕೋಳಿ. ಗಂಜಿ, ರಸ್ಕು, ಎಳನೀರಿನಲ್ಲೇ ತಿಂಗಳು ಕಳೆಯುವ ಪಥ್ಯದಿಂದ ಆಲ್ಬುಮಿನ್ ಏರುವುದಿಲ್ಲ.

ಆಮೇಲೆ ಕ್ಯಾನ್ಸರ್ ಮರಳಿದೆಯೇ ಅಂತ ನಿಗಾ ಇಡಲು ಮಾಡಿಸುವ ರಕ್ತಪರೀಕ್ಷೆಯ ಹೆಸರು ಸಿಇಎ, ಅದೇ ಹೆಸರಿನ ಪ್ರೋಟೀನನ್ನು ಅಳೆಯುವುದು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್, ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಗಡ್ಡೆಯಲ್ಲೇ ಆ ಪ್ರೋಟೀನನ್ನು ಗುರುತಿಸಿದರು. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ 6 ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಜೊತೆಗೆ ಸಿಟಿ ಸ್ಕ್ಯಾನ್, ಕೊಲೊನೋಸ್ಕೋಪಿ ಇರುತ್ತವೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದೂ ಸ್ವಲ್ಪ ಮೇಲೇ ಇರುತ್ತದೆ. ಒಂದು ಸಲದ ಅಂಕಿಗಿಂತ ಏರುತ್ತಾ ಹೋಗುತ್ತಿದೆಯೇ ಅನ್ನುವುದು ಮುಖ್ಯ. ಒಂದೊಂದು ಲ್ಯಾಬಿನ ಮಿಷನ್ ಒಂದೊಂದು ವಿಧಾನದಲ್ಲಿ ಅಳೆಯುವುದರಿಂದ ಮಂಡ್ಯದಲ್ಲಿ ಒಮ್ಮೆ, ಮೈಸೂರಿನಲ್ಲಿ ಒಮ್ಮೆ, ಬೆಂಗಳೂರಿಗೆ ಹೋದಾಗ ಅಲ್ಲೊಮ್ಮೆ ಮಾಡಿಸಿದರೆ ಹೋಲಿಸುವುದಕ್ಕೆ ಬರುವುದಿಲ್ಲ. ಒಂದೇ ಲ್ಯಾಬ್ ಇಟ್ಟುಕೊಳ್ಳಿ. ಬಯಾಪ್ಸಿಯ ಮೇಣದ ಬ್ಲಾಕ್ ಆಪರೇಷನ್ ಆದ ಆಸ್ಪತ್ರೆಯಲ್ಲೇ ಇರುತ್ತದೆ. ಬೇರೆ ಕಡೆ ತೋರಿಸಲು ಹೋಗುವಾಗ ಅದನ್ನು ಕೇಳಿ ತೆಗೆದುಕೊಂಡು ಹೋಗಿ, ಎಂಎಂಆರ್ ಪರೀಕ್ಷೆಯಾಗಲಿ ಆಸ್ಪಿರಿನ್‌ಗೆ ಬೇಕಾದ ಜೀನ್ ಪರೀಕ್ಷೆಯಾಗಲಿ ಮಾಡುವುದು ಅದರ ಮೇಲೇ.